ಒಂದು ಗಾಡಿ, ಎರಡು ಟ್ರೇಲರ್, ಹಲವು ರಾಜ್ಯ: ಅಮೆರಿಕದಲ್ಲಿ ಗಡಿ ದಾಟುವವರ ನಿಯಮ ಮತ್ತು ನೋಂದಣಿ ಖರ್ಚು

ಅಮೆರಿಕದ ಐಡಾಹೊ ರಾಜ್ಯದ ಕೋರ್ ಡಲೇನ್ ಊರಿನಿಂದ ಪಕ್ಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರಕ್ಕೆ ಇಂಟರ್‌ಸ್ಟೇಟ್ 90 ಹೆದ್ದಾರಿಯಲ್ಲಿ ಸುಮಾರು ಅರ್ಧ ಗಂಟೆಯ ಹಾದಿ. ಕೋರ್ ಡಲೇನ್ ಸರೋವರದ ದಂಡೆಯಲ್ಲಿ ಬೇಸಿಗೆ ಕಳೆಯಲು ಹೋದ ಕುಟುಂಬವೊಂದು ತನ್ನ ಪಿಕಪ್ ಗಾಡಿಯ ಹಿಂದೆ ಮಲಗುವ ಕ್ಯಾಂಪರನ್ನೂ ಅದರ ಹಿಂದೆ ದೋಣಿಯ ಟ್ರೇಲರನ್ನೂ ಕಟ್ಟಿಕೊಂಡು ಐಡಾಹೊದೊಳಗೆ ಓಡಾಡಬಹುದು. ಅದೇ ಸಾಲನ್ನು ಹಾಗೆಯೇ ಎಳೆದುಕೊಂಡು ಗಡಿ ದಾಟಿದರೆ ವಾಷಿಂಗ್ಟನ್‌ನಲ್ಲಿ ಅದು ಅಪರಾಧವಾಗುತ್ತದೆ, ಏಕೆಂದರೆ ಆ ರಾಜ್ಯದಲ್ಲಿ ಪಿಕಪ್ ಒಂದು ಎಳೆಯಬಹುದಾದದ್ದು ಒಂದೇ ಟ್ರೇಲರನ್ನು. ಆದರೆ ಅದೇ ಕ್ಷಣದಲ್ಲಿ ಅದೇ ಗಡಿಯನ್ನು ಎರಡು ಸರಕಿನ ಟ್ರೇಲರ್‌ಗಳನ್ನು ಎಳೆಯುವ ದೊಡ್ಡ ಟ್ರಕ್ ಯಾವ ಅಡ್ಡಿಯೂ ಇಲ್ಲದೆ ದಾಟಿ ಹೋಗುತ್ತದೆ. ಚಿಕ್ಕ ಗಾಡಿಗೆ ಇಲ್ಲದ ಸ್ವಾತಂತ್ರ್ಯ ದೊಡ್ಡ ಗಾಡಿಗೆ ಇರುವುದು ವಿಚಿತ್ರವೆನಿಸಿದರೂ ಅದಕ್ಕೊಂದು ಕಾರಣವಿದೆ, ಮತ್ತು ಆ ಕಾರಣ ಅರ್ಥವಾದರೆ ಈ ವಿಷಯದ ಮುಕ್ಕಾಲು ಪಾಲು ಗೊಂದಲ ತಾನಾಗಿ ಕರಗುತ್ತದೆ.

ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆ, ನನ್ನ ಟ್ರೇಲರ್‌ಗಳ ನೋಂದಣಿ ಬೇರೆ ರಾಜ್ಯದಲ್ಲಿ ನಡೆಯುತ್ತದೆಯೇ ಎಂಬುದು. ಉತ್ತರ ಬಹುಮಟ್ಟಿಗೆ ಹೌದು. ಆದರೆ ಆ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ಅಡಗಿರುತ್ತದೆ ಮತ್ತು ಅದನ್ನು ಕೇಳಲು ಬಹಳ ಮಂದಿ ಮರೆಯುತ್ತಾರೆ: ಇಷ್ಟು ಉದ್ದದ, ಇಷ್ಟು ತುಂಡುಗಳ ಈ ಸಾಲು ಆ ರಾಜ್ಯದ ರಸ್ತೆಯಲ್ಲಿ ಇರಬಹುದೇ? ನಂಬರ್ ಪ್ಲೇಟು ಮತ್ತು ಚಾಲನಾ ಪರವಾನಗಿ ಮಾಲೀಕನ ಜೊತೆಗೇ ಗಡಿ ದಾಟುತ್ತವೆ. ಒಂದು ರಾಜ್ಯ ಕೊಟ್ಟದ್ದನ್ನು ಇನ್ನೊಂದು ಮನ್ನಿಸುವ ಪರಸ್ಪರ ಮಾನ್ಯತೆಯ ಪದ್ಧತಿ ಅಲ್ಲಿ ಹಳೆಯದು. ಉದ್ದ, ಟ್ರೇಲರ್‌ಗಳ ಸಂಖ್ಯೆ, ಬ್ರೇಕು, ವೇಗ ಇವುಗಳ ನಿಯಮ ಮಾತ್ರ ಗಡಿಯ ಕಲ್ಲಿನ ಬಳಿಯೇ ನಿಂತುಬಿಡುತ್ತದೆ, ಅಲ್ಲಿಂದಾಚೆ ಆಯಾ ರಾಜ್ಯದ್ದೇ ನಡೆಯುತ್ತದೆ. ತವರು ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದ ಸಾಲು ಪಕ್ಕದ ರಾಜ್ಯದಲ್ಲಿ ದಂಡಕ್ಕೆ ಗುರಿಯಾದಾಗ, ಎಲ್ಲ ಕಾಗದ ಸರಿಯಿದೆಯಲ್ಲ ಎಂದು ವಾದಿಸುವವರು ಈ ಎರಡನ್ನು ಬೆರೆಸಿಕೊಂಡಿರುತ್ತಾರೆ.

ಸ್ವಂತ ಬಳಕೆಯ ಸಾಲುಗಳು

ಮೊದಲು ವ್ಯಾಪಾರಕ್ಕಲ್ಲದ, ಮನೆಮಂದಿಯ ಪ್ರವಾಸದ ಗಾಡಿಗಳನ್ನು ನೋಡೋಣ. ಇವುಗಳ ಬಗ್ಗೆ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಕಾನೂನು ಇಲ್ಲ. ಮಧ್ಯಭಾಗದ ಮತ್ತು ಪಶ್ಚಿಮದ ಅನೇಕ ರಾಜ್ಯಗಳು ಎರಡು ಟ್ರೇಲರ್ ಎಳೆಯಲು ಒಪ್ಪುತ್ತವೆ, ಪೂರ್ವ ಕರಾವಳಿಯ ಹಲವು ರಾಜ್ಯಗಳು ಒಪ್ಪುವುದಿಲ್ಲ. ಒಪ್ಪುವ ರಾಜ್ಯಗಳೂ ತಮ್ಮದೇ ಷರತ್ತು ಹಾಕುತ್ತವೆ. ಮಿಷಿಗನ್‌ನಲ್ಲಿ ಇದಕ್ಕೆಂದೇ ಚಾಲನಾ ಪರವಾನಗಿಯ ಮೇಲೆ 'ಆರ್' ಎಂಬ ಹೆಚ್ಚುವರಿ ಅನುಮತಿಯನ್ನು ಹಾಕಿಸಿಕೊಳ್ಳಬೇಕು. ಕ್ಯಾಲಿಫೋರ್ನಿಯಾದ ನಿವಾಸಿಯ ಕೈಯಲ್ಲಿ ಸಾಮಾನ್ಯ ಕಾರು ಚಾಲಕರ ಸಿ ದರ್ಜೆಯ ಪರವಾನಗಿ ಮಾತ್ರ ಇದ್ದರೆ ಆತ ಒಂದಕ್ಕಿಂತ ಹೆಚ್ಚು ಟ್ರೇಲರ್ ಎಳೆಯುವಂತಿಲ್ಲ. ಪ್ರಯಾಣಿಕ ಕಾರಿನ ಹಿಂದಂತೂ ಅದರ ತೂಕ ಎಷ್ಟೇ ಇರಲಿ, ಎರಡನೆಯದಕ್ಕೆ ಅವಕಾಶವೇ ಇಲ್ಲ. ಮಿನೆಸೋಟದ ನಿಯಮ ಇವೆಲ್ಲಕ್ಕಿಂತ ಕುತೂಹಲದ್ದು. ಅಲ್ಲಿ ಪಿಕಪ್, ಕ್ಯಾಂಪರ್, ದೋಣಿ ಸೇರಿದ ಮೂರು ತುಂಡಿನ ಪ್ರವಾಸದ ಸಾಲಿಗೆ ಪ್ರತ್ಯೇಕ ಪರ್ಮಿಟ್ ಬೇಡ. ಆದರೆ ಚಾಲಕನಿಗೆ 18 ವರ್ಷ ತುಂಬಿರಬೇಕು, ಒಟ್ಟು ಉದ್ದ 70 ಅಡಿ ಮೀರಬಾರದು, ಎಳೆಯುವ ಪಿಕಪ್ಪಿನ ಸಾಮರ್ಥ್ಯ ಹಿಂದಿನ ಎರಡರ ಒಟ್ಟು ತೂಕಕ್ಕೆ ಸಾಲಬೇಕು. ಇಷ್ಟಾದರೂ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳ ಸುತ್ತಲಿನ ಏಳು ಕೌಂಟಿಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 4ರಿಂದ 7 ಗಂಟೆಯವರೆಗೆ ಈ ಸಾಲು ರಸ್ತೆಗೆ ಇಳಿಯುವಂತಿಲ್ಲ. ಶುಕ್ರವಾರ ಕೆಲಸ ಮುಗಿಸಿ ಸಂಜೆ ಐದಕ್ಕೆ ಕೆರೆಯತ್ತ ಹೊರಡುವವನಿಗೆ ಬೇಕಾಗುವ ಹೊತ್ತೇ ಅಲ್ಲಿ ನಿಷಿದ್ಧ.

ಹಲವು ರಾಜ್ಯಗಳು ಮೊದಲ ಟ್ರೇಲರ್ ಪಿಕಪ್ಪಿನ ಹಿಂಬದಿಯ ಚೆಂಡಿನಂಥ ಕೊಂಡಿಗೆ ಸಿಕ್ಕಿಸುವ ಮಾದರಿಯದ್ದಾಗಿರದೆ, ಫಿಫ್ತ್ ವೀಲ್ ಮಾದರಿಯದ್ದೇ ಆಗಿರಬೇಕೆಂದು ಹಟ ಹಿಡಿಯುತ್ತವೆ. ಇದು ಕೇವಲ ಕಾಗದದ ಕಟ್ಟುಪಾಡಲ್ಲ. ಫಿಫ್ತ್ ವೀಲ್ ಜೋಡಣೆಯಲ್ಲಿ ಟ್ರೇಲರಿನ ಮೂತಿಯ ಭಾರ ಪಿಕಪ್ಪಿನ ಹಿಂದಿನ ಆಕ್ಸಲ್‌ನ ಹತ್ತಿರ ಮೇಲಿನಿಂದ ಕೂರುತ್ತದೆ, ಆದ್ದರಿಂದ ಟ್ರೇಲರಿನ ಪಕ್ಕದೋಲಾಟಕ್ಕೆ ಎಳೆಯುವ ಗಾಡಿಯನ್ನು ತಿರುಗಿಸುವಷ್ಟು ಸನ್ನೆಬಲ ಸಿಗುವುದಿಲ್ಲ. ಬಂಪರಿನ ಹಿಂದೆ ಸಿಕ್ಕಿಸಿದ ಟ್ರೇಲರಿನಲ್ಲಿ ತಿರುಗುವ ಬಿಂದು ಆಕ್ಸಲ್‌ನಿಂದ ಹಲವು ಅಡಿ ಹಿಂದಿರುತ್ತದೆ. ಅದರ ಹಿಂದೆ ಇನ್ನೊಂದನ್ನು ಕಟ್ಟಿದರೆ ಗಾಳಿಪಟದ ಬಾಲಂಗೋಚಿಯ ತುದಿಯಂತೆ ಕೊನೆಯ ಟ್ರೇಲರ್ ಮುಂದಿನದಕ್ಕಿಂತ ಹೆಚ್ಚು ಬೀಸುತ್ತದೆ. ಚಾಲಕ ಸ್ಟೀರಿಂಗನ್ನು ತುಸು ಜೋರಾಗಿ ತಿರುಗಿಸಿದಾಗ ಮುಂದಿನ ಗಾಡಿಯಲ್ಲಿ ಅರಿವಿಗೇ ಬಾರದ ಅಲುಗಾಟ ಬಾಲದ ತುದಿಯಲ್ಲಿ ಪಕ್ಕದ ಪಥಕ್ಕೆ ನುಗ್ಗುವಷ್ಟು ಬೆಳೆಯಬಲ್ಲದು. ದೊಡ್ಡ ಟ್ರಕ್ಕುಗಳ ಚಾಲಕರಿಗೂ ತರಬೇತಿಯ ಕೈಪಿಡಿಯಲ್ಲಿ ಇದೇ ಪಾಠ: ಹೆಚ್ಚು ಭಾರದ ಟ್ರೇಲರ್ ಯಾವಾಗಲೂ ಎಂಜಿನ್ ಗಾಡಿಯ ಬೆನ್ನಿಗೇ ಇರಬೇಕು, ಹಗುರಾದದ್ದು ಹಿಂದೆ.

ಬ್ರೇಕಿನ ಮಿತಿಯೂ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. 3,000 ಪೌಂಡ್ ಮೀರಿದ ಟ್ರೇಲರಿಗೆ ಸ್ವಂತ ಬ್ರೇಕು ಇರಬೇಕೆಂಬುದು ಹಲವೆಡೆ ಕಾಣುವ ಗೆರೆಯಾದರೆ ಕ್ಯಾಲಿಫೋರ್ನಿಯಾದಲ್ಲಿ ಆ ಗೆರೆ 1,500 ಪೌಂಡ್‌ಗೇ ಬರುತ್ತದೆ, ಅಂದರೆ ಸುಮಾರು 680 ಕಿಲೋ. ಬೇರೆಡೆ ಬ್ರೇಕಿಲ್ಲದೆ ಓಡಿದ ಚಿಕ್ಕ ದೋಣಿ ಟ್ರೇಲರ್ ಅಲ್ಲಿ ತಪ್ಪಿತಸ್ಥ. ಟ್ರೇಲರ್ ಎಳೆಯುವ ಗಾಡಿಗೆ ಅಲ್ಲಿ ಗಂಟೆಗೆ 55 ಮೈಲಿಯ ವೇಗಮಿತಿಯೂ ಉಂಟು.

ಖರ್ಚಿನ ದೃಷ್ಟಿಯಿಂದ ಸ್ವಂತ ಬಳಕೆಯವರ ಕಥೆ ಸರಳ. ಪ್ರತಿ ಟ್ರೇಲರೂ ತನ್ನದೇ ನೋಂದಣಿ, ತನ್ನದೇ ಪ್ಲೇಟು ಹೊಂದಿರಬೇಕು. ಎರಡು ಎಳೆದರೆ ಎರಡರ ಶುಲ್ಕ ತವರು ರಾಜ್ಯಕ್ಕೆ ಸಲ್ಲುತ್ತದೆ, ದಾರಿಯಲ್ಲಿ ಸಿಗುವ ರಾಜ್ಯಗಳಿಗೆ ನೋಂದಣಿಯ ಲೆಕ್ಕದಲ್ಲಿ ಏನೂ ಕೊಡಬೇಕಾಗಿಲ್ಲ. ಕೆಲವು ರಾಜ್ಯಗಳಲ್ಲಿ ತೀರ ಹಗುರ ಟ್ರೇಲರಿಗೆ ನೋಂದಣಿಯೇ ಬೇಡ. ಅಂಥ ಪ್ಲೇಟಿಲ್ಲದ ಟ್ರೇಲರನ್ನು ಹೊರರಾಜ್ಯಕ್ಕೆ ಒಯ್ಯುವವನು ತವರಿನ ಆ ನಿಯಮದ ಒಂದು ನಕಲನ್ನು ಗಾಡಿಯಲ್ಲಿ ಇಟ್ಟುಕೊಳ್ಳುವುದು ಜಾಣತನ, ಏಕೆಂದರೆ ನಿಲ್ಲಿಸುವ ಪೊಲೀಸನಿಗೆ ದೂರದ ರಾಜ್ಯದ ಕಲಮುಗಳು ಬಾಯಿಪಾಠವಾಗಿರಬೇಕಿಲ್ಲ.

ಮೂರನೆಯ ಗಾಡಿ ಮುರಿಯುವ ಗೆರೆ

ಹಣ ಸಂಪಾದನೆಗೆ ಗಾಡಿ ಓಡಿಸಲು ತೊಡಗಿದೊಡನೆ ಚಿತ್ರ ಬದಲಾಗುತ್ತದೆ. ಇಲ್ಲಿ ಎರಡು ಅಂಕಿಗಳನ್ನು ನೆನಪಿಟ್ಟರೆ ಸಾಕು: 10,001 ಪೌಂಡ್ ಮತ್ತು 26,001 ಪೌಂಡ್. ಗಾಡಿಯ ಅಥವಾ ಗಾಡಿ ಮತ್ತು ಟ್ರೇಲರ್ ಸೇರಿದ ಸಾಲಿನ ತೂಕ ಮೊದಲ ಅಂಕಿಯನ್ನು ಮುಟ್ಟಿ ಅದು ರಾಜ್ಯ ದಾಟಿ ವ್ಯಾಪಾರ ಮಾಡಿದರೆ, ಕೇಂದ್ರದ ಮೋಟಾರು ಸಾಗಣೆ ಸುರಕ್ಷತಾ ಆಡಳಿತದಿಂದ ಯುಎಸ್‌ಡಾಟ್ ಎಂಬ ಗುರುತಿನ ಸಂಖ್ಯೆ ಪಡೆದು ಬಾಗಿಲ ಮೇಲೆ ಬರೆಸಬೇಕು, ಚಾಲಕನ ವೈದ್ಯಕೀಯ ಪ್ರಮಾಣಪತ್ರ ಮುಂತಾದ ನಿಯಮಗಳೂ ಬೆನ್ನಿಗೆ ಬರುತ್ತವೆ. ಎರಡನೆಯ ಅಂಕಿ ಇನ್ನೂ ಭಾರದ್ದು. ಅದನ್ನು ಮುಟ್ಟಿದರೆ ವಾಣಿಜ್ಯ ಚಾಲನಾ ಪರವಾನಗಿ, ಹಲವು ರಾಜ್ಯಗಳಿಗೆ ಹಂಚಿಹೋಗುವ ನೋಂದಣಿ, ಹಲವು ರಾಜ್ಯಗಳಿಗೆ ಹಂಚಿಹೋಗುವ ಇಂಧನ ತೆರಿಗೆ, ಈ ಮೂರೂ ಒಟ್ಟಿಗೇ ಮೇಲೆ ಬೀಳುವ ಸಂಭವವಿದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮಣ್ಣು ಅಗೆಯುವ ಯಂತ್ರ ಸಾಗಿಸುವ ಗುತ್ತಿಗೆದಾರನೊಬ್ಬನ ಪಿಕಪ್ಪಿನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯ ಪ್ರಕಾರ ಅದರ ಗರಿಷ್ಠ ತೂಕ 11,500 ಪೌಂಡ್. ಅದರ ಹಿಂದೆ 14,000 ಪೌಂಡ್ ಗರಿಷ್ಠ ತೂಕದ, ಪಿಕಪ್ಪಿನ ಹಾಸಿನೊಳಗೆ ಮೂತಿ ಕೂರಿಸುವ ಗೂಸ್‌ನೆಕ್ ಟ್ರೇಲರ್. ಎರಡೂ ಸೇರಿ 25,500, ಅಂದರೆ ಗೆರೆಯಿಂದ 501 ಪೌಂಡ್ ಕೆಳಗೆ. ಇಂಥ ಜೋಡಿಗಳನ್ನು ವ್ಯಾಪಾರಿಗಳು ಲೆಕ್ಕ ಹಾಕಿಯೇ ಆರಿಸಿಕೊಳ್ಳುತ್ತಾರೆ. ಈಗ ಆತ ಸಲಕರಣೆ ತುಂಬಿದ 3,000 ಪೌಂಡ್‌ನ ಪುಟ್ಟ ಟ್ರೇಲರೊಂದನ್ನು ಹಿಂದೆ ಸಿಕ್ಕಿಸಿದನೆನ್ನಿ. ಒಟ್ಟು 28,500 ಆಯಿತು. ಹಿಂದೆ ಎಳೆಸಿಕೊಳ್ಳುವ ಭಾಗ 10,000 ಪೌಂಡ್ ಮೀರಿರುವುದರಿಂದ ಎ ದರ್ಜೆಯ ವಾಣಿಜ್ಯ ಪರವಾನಗಿ ಬೇಕು. ಟ್ರೇಲರ್ ಎರಡಾದ್ದರಿಂದ ಆ ಪರವಾನಗಿಯ ಮೇಲೆ ಡಬಲ್ ಮತ್ತು ಟ್ರಿಪಲ್‌ಗಳಿಗೆಂದು ಇರುವ 'ಟಿ' ಅನುಮತಿ ಬೇಕು. 'ಟಿ'ಗೆ ಲಿಖಿತ ಪರೀಕ್ಷೆ ಸಾಕು, ಆದರೆ ಎ ದರ್ಜೆಯನ್ನು ಹೊಸದಾಗಿ ಪಡೆಯುವವನು 2022ರ ಫೆಬ್ರುವರಿ 7ರಿಂದ ನೋಂದಾಯಿತ ತರಬೇತುದಾರರಲ್ಲಿ ಕಲಿತ ಮೇಲೆಯೇ ಚಾಲನಾ ಪರೀಕ್ಷೆಗೆ ಕೂರಬಹುದು. ಸಲಕರಣೆಯ ಆ ಪುಟ್ಟ ಟ್ರೇಲರಿನ ಬೆಲೆಗಿಂತ ಅದು ತಂದೊಡ್ಡುವ ಖರ್ಚೇ ಹೆಚ್ಚಾಗುವುದು ಹೀಗೆ.

ಇಲ್ಲೊಂದು ಸೂಕ್ಷ್ಮವಿದೆ. ಚಾಲನಾ ಪರವಾನಗಿಯ ಪ್ರಶ್ನೆಯಲ್ಲಿ ತಯಾರಕರು ಚೀಟಿಯಲ್ಲಿ ನಮೂದಿಸಿದ ಗರಿಷ್ಠ ತೂಕ ಅಥವಾ ತಕ್ಕಡಿ ತೋರಿಸುವ ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದೇ ಗಣನೆಗೆ ಬರುತ್ತದೆ, ಆದ್ದರಿಂದ ಖಾಲಿ ಟ್ರೇಲರ್ ಎಳೆಯುತ್ತಿದ್ದೇನೆಂಬ ಸಮಜಾಯಿಷಿ ಅಲ್ಲಿ ನಡೆಯದು. ಮುಂದೆ ಹೇಳಲಿರುವ ನೋಂದಣಿ ಮತ್ತು ಇಂಧನ ತೆರಿಗೆಯ ಒಪ್ಪಂದಗಳಾದರೋ ಗಾಡಿಯನ್ನು ಎಷ್ಟು ತೂಕಕ್ಕೆ ನೋಂದಾಯಿಸಲಾಗಿದೆ ಮತ್ತು ಅದು ನಿಜಕ್ಕೂ ಎಷ್ಟು ತೂಗುತ್ತದೆ ಎಂಬುದನ್ನು ನೋಡುತ್ತವೆ.

ಸಂಪಾದನೆಗಲ್ಲದೆ ತನ್ನದೇ ವಸ್ತುವನ್ನು ಯಾವಾಗಲಾದರೊಮ್ಮೆ ಸಾಗಿಸುವ ವ್ಯಕ್ತಿಗೆ ಕೇಂದ್ರದ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಇದೆ. ಕುದುರೆ ಸ್ಪರ್ಧೆಗೋ ಕಾರು ಓಟಕ್ಕೋ ಹವ್ಯಾಸಕ್ಕೆಂದು ಹೋಗುವವರು ಇದರಡಿ ಬರುತ್ತಾರೆ. ಅದೇ ಓಟ ಅವರ ಜೀವನೋಪಾಯವಾದರೆ ಬರುವುದಿಲ್ಲ. ಕೃಷಿಕರಿಗೆ 2012ರ ಕಾಯ್ದೆಯೊಂದು ಬೇರೆ ಬಾಗಿಲು ತೆರೆದಿದೆ. 26,001 ಪೌಂಡ್‌ಗಿಂತ ಭಾರದ ಕೃಷಿ ಗಾಡಿಯನ್ನು ರೈತ ತನ್ನ ನೋಂದಣಿಯ ರಾಜ್ಯದೊಳಗೆ ಎಲ್ಲಿ ಬೇಕಾದರೂ, ಗಡಿಯಾಚೆ ತನ್ನ ಹೊಲದಿಂದ 150 ಮೈಲಿಯವರೆಗೆ ವಾಣಿಜ್ಯ ಪರವಾನಗಿಯಿಲ್ಲದೆ ಓಡಿಸಬಹುದು. ಆದರೆ ಈ ಯಾವ ವಿನಾಯಿತಿಯೂ ಟ್ರೇಲರ್‌ಗಳ ಸಂಖ್ಯೆಯ ಮೇಲಿನ ರಾಜ್ಯದ ನಿಷೇಧವನ್ನು ಅಳಿಸುವುದಿಲ್ಲ. ಅದು ಮತ್ತೆ ಗಡಿಯ ಆಚೆಯ ರಾಜ್ಯದ ಮಾತು.

ದೊಡ್ಡ ಟ್ರಕ್ಕಿಗೆ ಸ್ವಾತಂತ್ರ್ಯ ಬಂದ ಬಗೆ

ಸ್ಪೋಕೇನ್ ದಾರಿಯಲ್ಲಿ ಎರಡು ಟ್ರೇಲರಿನ ಟ್ರಕ್ಕನ್ನು ಯಾರೂ ತಡೆಯದಿರಲು ಕಾರಣ 1982ರ ಭೂಸಾರಿಗೆ ನೆರವು ಕಾಯ್ದೆ. ಅದಕ್ಕೂ ಮೊದಲು ಅವಳಿ ಟ್ರೇಲರ್‌ಗಳನ್ನು ನಿಷೇಧಿಸಿದ್ದ ರಾಜ್ಯಗಳಿದ್ದವು, ಆದ್ದರಿಂದ ದೇಶದ ಉದ್ದಕ್ಕೆ ಸರಕು ಸಾಗಿಸುವವನು ದಾರಿಯುದ್ದಕ್ಕೂ ಟ್ರೇಲರ್ ಕಳಚಿ ಜೋಡಿಸುತ್ತ ಹೋಗಬೇಕಾಗುತ್ತಿತ್ತು. ಎಂಜಿನ್ ಗಾಡಿ, ಅದರ ಹಿಂದೆ ತಲಾ 28 ಅಡಿಯ ಎರಡು ಟ್ರೇಲರ್‌ಗಳು, ಈ ಜೋಡಣೆಯನ್ನು ಇಂಟರ್‌ಸ್ಟೇಟ್ ಹೆದ್ದಾರಿಗಳು ಮತ್ತು ಗುರುತಿಸಲಾದ ಇತರ ಮುಖ್ಯ ಹೆದ್ದಾರಿಗಳ ಜಾಲದಲ್ಲಿ ಯಾವ ರಾಜ್ಯವೂ ತಡೆಯುವಂತಿಲ್ಲ ಎಂದು ಆ ಕಾಯ್ದೆ ಹೇಳಿತು. ಈ ಜಾಲಕ್ಕೆ ರಾಷ್ಟ್ರೀಯ ಜಾಲವೆಂದೇ ಹೆಸರು. ಒಟ್ಟು ಉದ್ದಕ್ಕೆ ಮಿತಿ ಹಾಕುವ ಅಧಿಕಾರವನ್ನೂ ಆ ಜಾಲದ ಮೇಲೆ ರಾಜ್ಯಗಳಿಂದ ಕಿತ್ತುಕೊಳ್ಳಲಾಯಿತು. ಜಾಲದಿಂದ ಹೊರಬಿದ್ದ ಅವಳಿ ಟ್ರಕ್ಕಿಗೆ ಇಂಧನ, ಊಟ, ವಿಶ್ರಾಂತಿಗೆಂದು ಒಂದು ಮೈಲಿಯೊಳಗಿನ ಪ್ರವೇಶವನ್ನೂ ರಾಜ್ಯಗಳು ಕೊಡಲೇಬೇಕು. ಪಿಕಪ್ಪು, ಕ್ಯಾಂಪರ್, ದೋಣಿಗಳ ಬಗ್ಗೆ ಆ ಕಾಯ್ದೆ ಏನನ್ನೂ ಹೇಳಲಿಲ್ಲ. ಹೇಳದೆ ಬಿಟ್ಟದ್ದು ರಾಜ್ಯಗಳ ಪಾಲಿಗೇ ಉಳಿಯಿತು.

ತೂಕದ ವಿಷಯದಲ್ಲಿ ಇಂಟರ್‌ಸ್ಟೇಟ್ ಹೆದ್ದಾರಿಗಳಲ್ಲಿ ಒಟ್ಟು 80,000 ಪೌಂಡ್, ಅಂದರೆ ಸುಮಾರು 36 ಟನ್ನಿನ ಮಿತಿಯಿದೆ. ಒಂಟಿ ಆಕ್ಸಲ್ ಮೇಲೆ 20,000, ಜೋಡಿ ಆಕ್ಸಲ್ ಮೇಲೆ 34,000 ಪೌಂಡ್. ಇವುಗಳ ಜೊತೆಗೆ ಸೇತುವೆಗಳನ್ನು ಕಾಯುವ ಒಂದು ಸೂತ್ರವಿದೆ: ಮೊದಲ ಮತ್ತು ಕೊನೆಯ ಆಕ್ಸಲ್‌ಗಳ ನಡುವಿನ ಅಂತರ ಹೆಚ್ಚಿದಷ್ಟೂ, ಆಕ್ಸಲ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಅನುಮತಿಸುವ ತೂಕ ಹೆಚ್ಚುತ್ತದೆ, ಏಕೆಂದರೆ ಭಾರ ಹರಡಿಕೊಂಡರೆ ಸೇತುವೆಯ ಒಂದೇ ಕಮಾನಿನ ಮೇಲೆ ಅದು ಒಟ್ಟಾಗಿ ಕೂರುವುದಿಲ್ಲ. ಐದು ಆಕ್ಸಲ್‌ಗಳು 51 ಅಡಿಯಲ್ಲಿ ಹರಡಿದ್ದರೆ ಸೂತ್ರ ಕೊಡುವ ಉತ್ತರ 79,875. ಅದನ್ನು ದುಂಡಾಗಿಸಿದರೆ ಸರಿಯಾಗಿ 80,000. ಏಳು ಆಕ್ಸಲ್‌ಗಳ ಮೂರು ಟ್ರೇಲರ್ ಸಾಲು 90 ಅಡಿಯಲ್ಲಿ ಹರಡಿದ್ದರೆ ಅದೇ ಸೂತ್ರ 1,12,500 ಪೌಂಡ್ ತೋರಿಸುತ್ತದೆ. ಸೇತುವೆ ತಾಳುತ್ತದೆ, ಆದರೆ 80,000ದ ಒಟ್ಟು ಮಿತಿ ಅಡ್ಡ ಬರುತ್ತದೆ.

ಹಾಗಿದ್ದರೂ ಪಶ್ಚಿಮದ ರಾಜ್ಯಗಳಲ್ಲಿ ಮೂರು ಟ್ರೇಲರಿನ ಟ್ರಕ್ಕುಗಳು ಕಾಣಸಿಗುತ್ತವೆ. ಎರಡು ಅಥವಾ ಹೆಚ್ಚು ಟ್ರೇಲರ್ ಎಳೆದು ಇಂಟರ್‌ಸ್ಟೇಟ್ ಮೇಲೆ 80,000 ಮೀರುವ ಸಾಲುಗಳಿಗೆ ಎಲ್‌ಸಿವಿ ಎಂದು ಹೆಸರು. ಒಂದು ಉದ್ದದ್ದು, ಒಂದು ಗಿಡ್ಡದ್ದು ಸೇರಿದರೆ ರಾಕಿ ಮೌಂಟನ್ ಡಬಲ್. ಎರಡೂ ಉದ್ದದ್ದಾದರೆ ಟರ್ನ್‌ಪೈಕ್ ಡಬಲ್. ಮೂರು ಗಿಡ್ಡವಾದರೆ ಟ್ರಿಪಲ್. ಇವು ಎಲ್ಲೆಲ್ಲಿ, ಯಾವ ಮಾರ್ಗದಲ್ಲಿ, ಎಷ್ಟು ತೂಕಕ್ಕೆ ಓಡಬಹುದೆಂಬುದನ್ನು 1991ರ ಕಾಯ್ದೆಯೊಂದು ಹೆಪ್ಪುಗಟ್ಟಿಸಿಬಿಟ್ಟಿತು: 1991ರ ಜೂನ್ 1ರಂದು ಒಂದು ರಾಜ್ಯದಲ್ಲಿ ಏನು ಸಿಂಧುವಾಗಿತ್ತೋ ಅದಕ್ಕಿಂತ ಒಂದಡಿಯೂ ಮುಂದೆ ಹೋಗುವಂತಿಲ್ಲ. ಆದ್ದರಿಂದಲೇ ಇಂದಿನ ನಕ್ಷೆ ತರ್ಕಕ್ಕಿಂತ ಹೆಚ್ಚಾಗಿ ಆ ದಿನದ ಫೋಟೊದಂತಿದೆ. ಒರೆಗಾನ್ ಟ್ರಿಪಲ್‌ಗಳನ್ನು ಒಪ್ಪುತ್ತದೆ ಮತ್ತು ಪರ್ಮಿಟ್ ಪಡೆದವರಿಗೆ 1,05,500 ಪೌಂಡ್‌ವರೆಗೆ ಬಿಡುತ್ತದೆ. ನೆವಾಡ ಮತ್ತು ಯೂಟಾಗಳಲ್ಲಿ ಆ ಮಿತಿ 1,29,000. ಮಿಷಿಗನ್ ಹನ್ನೊಂದು ಆಕ್ಸಲ್‌ಗಳ ಸಾಲಿಗೆ 1,64,000 ಪೌಂಡ್ ಅನುಮತಿಸಿ ಉಳಿದವರನ್ನು ಬೆರಗುಗೊಳಿಸುತ್ತದೆ. ಒರೆಗಾನ್, ನೆವಾಡಗಳ ನೆರೆಯ ಕ್ಯಾಲಿಫೋರ್ನಿಯಾ ಎಲ್‌ಸಿವಿಗಳನ್ನೇ ಒಪ್ಪುವುದಿಲ್ಲ. ನೆವಾಡದಿಂದ ಬರುವ ಟ್ರಿಪಲ್ ಗಡಿಯ ಈಚೆಗೇ ನಿಂತು ಒಂದು ಟ್ರೇಲರನ್ನು ಕಳಚಿಟ್ಟು, ಉಳಿದ ಎರಡನ್ನು ಮಾತ್ರ ಕ್ಯಾಲಿಫೋರ್ನಿಯಾಕ್ಕೆ ಎಳೆಯಬೇಕು. ಕಳಚಿದ್ದನ್ನು ಒಯ್ಯಲು ಇನ್ನೊಂದು ಎಂಜಿನ್ ಗಾಡಿ, ಇನ್ನೊಬ್ಬ ಚಾಲಕ ಬೇಕು. ಪೂರ್ವದ ನ್ಯೂಯಾರ್ಕ್ ಥ್ರೂವೇ ಟೋಲ್ ರಸ್ತೆಯಲ್ಲಿ ಇದೇ ಕೆಲಸಕ್ಕೆಂದು ದ್ವಾರಗಳ ಬಳಿ ಅಂಗಳಗಳಿವೆ. ಉದ್ದನೆಯ ಎರಡು ಟ್ರೇಲರ್‌ಗಳನ್ನು ಅಲ್ಲಿ ಜೋಡಿಸಿಕೊಂಡು ಟೋಲ್ ರಸ್ತೆಗೆ ಏರಿದ ಚಾಲಕ ಇಳಿಯುವ ದ್ವಾರದ ಅಂಗಳದಲ್ಲಿ ಮತ್ತೆ ಬೇರ್ಪಡಿಸಿ ಒಂದೊಂದಾಗಿ ಊರೊಳಗೆ ಒಯ್ಯುತ್ತಾನೆ.

ಹಣದ ಲೆಕ್ಕ

ಟ್ರೇಲರ್ ಎರಡಾದ ಮಾತ್ರಕ್ಕೆ ರಾಜ್ಯಗಳು ಟ್ರೇಲರ್ ಒಂದೊಂದಕ್ಕೂ ಗಡಿಯಲ್ಲಿ ಶುಲ್ಕ ಕೀಳುತ್ತವೆಂದು ಭಾವಿಸುವವರಿದ್ದಾರೆ. ವಾಸ್ತವದಲ್ಲಿ ಅಂತರರಾಜ್ಯ ಶುಲ್ಕಗಳ ಬಹುಪಾಲು ಎಂಜಿನ್ ಇರುವ ಗಾಡಿಯ ಮೇಲೆಯೇ ಬೀಳುತ್ತದೆ. ಟ್ರೇಲರ್‌ಗಳು ಅದರೊಳಗೆ ಬರುವುದು ತೂಕದ ರೂಪದಲ್ಲಿ. ಇದನ್ನು ಹಿಡಿದುಕೊಂಡರೆ ಮುಂದಿನ ಹೆಸರುಗಳ ಸಂತೆ ಅಷ್ಟು ಹೆದರಿಸುವುದಿಲ್ಲ.

ಮೊದಲನೆಯದು ಮತ್ತು ಮುಖ್ಯವಾದದ್ದು ಐಆರ್‌ಪಿ, ಅಂದರೆ ಅಂತರರಾಷ್ಟ್ರೀಯ ನೋಂದಣಿ ಒಪ್ಪಂದ. ಅಲಾಸ್ಕ ಮತ್ತು ಹವಾಯಿ ಬಿಟ್ಟು ಉಳಿದ 48 ರಾಜ್ಯಗಳು, ರಾಜಧಾನಿ ಪ್ರದೇಶ ಮತ್ತು ಕೆನಡಾದ ಹತ್ತು ಪ್ರಾಂತ್ಯಗಳು ಇದರ ಸದಸ್ಯರು. 26,000 ಪೌಂಡ್ ಮೀರಿದ ಎಂಜಿನ್ ಗಾಡಿ ಅಥವಾ ಸಾಲು, ಇಲ್ಲವೇ ತೂಕ ಎಷ್ಟೇ ಇದ್ದರೂ ಮೂರು ಅಥವಾ ಹೆಚ್ಚು ಆಕ್ಸಲ್‌ಗಳ ಎಂಜಿನ್ ಗಾಡಿ ಎರಡು ಅಥವಾ ಹೆಚ್ಚು ಸದಸ್ಯ ರಾಜ್ಯಗಳಲ್ಲಿ ವ್ಯಾಪಾರಕ್ಕೆ ಓಡಿದರೆ ಇದರಡಿ ನೋಂದಾಯಿಸಬೇಕು. ಮಾಲೀಕ ತವರು ರಾಜ್ಯವೊಂದರಲ್ಲೇ ಅರ್ಜಿ ಹಾಕುತ್ತಾನೆ. ಹಿಂದಿನ ಜುಲೈ 1ರಿಂದ ಜೂನ್ 30ರವರೆಗೆ ಯಾವ ರಾಜ್ಯದಲ್ಲಿ ಎಷ್ಟು ಮೈಲಿ ಓಡಿದೆ ಎಂಬ ಲೆಕ್ಕ ಕೊಡುತ್ತಾನೆ, ಪ್ರತಿ ರಾಜ್ಯ ಆ ತೂಕಕ್ಕೆ ವಿಧಿಸುವ ಪೂರ್ತಿ ವಾರ್ಷಿಕ ಶುಲ್ಕದಲ್ಲಿ ತನ್ನ ಪಾಲಿನ ಮೈಲಿಯ ಪ್ರಮಾಣವನ್ನಷ್ಟೇ ತೆಗೆದುಕೊಳ್ಳುತ್ತದೆ. ಲೆಕ್ಕ ತೋರಿಸಲೆಂದು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಮೂರು ರಾಜ್ಯಗಳ ಪೂರ್ತಿ ಶುಲ್ಕ ಕ್ರಮವಾಗಿ 1,500, 2,000 ಮತ್ತು 1,000 ಡಾಲರ್. ಗಾಡಿ ಓಡಿದ್ದು 50, 30 ಮತ್ತು 20 ಶೇಕಡ. ಆಗ ಕಟ್ಟುವುದು 750, 600 ಮತ್ತು 200, ಒಟ್ಟು 1,550 ಡಾಲರ್. ಮೂರು ಕಡೆ ಬೇರೆ ಬೇರೆ ನೋಂದಾಯಿಸಿದ್ದರೆ 4,500 ಆಗುತ್ತಿತ್ತು. ಪ್ಲೇಟೊಂದೇ, ಜೊತೆಗೆ ಕ್ಯಾಬ್ ಕಾರ್ಡ್ ಎಂಬ ಹಾಳೆ. ಅದರಲ್ಲಿ ಪ್ರತಿ ರಾಜ್ಯದ ಹೆಸರಿನ ಮುಂದೆ ಅಲ್ಲಿಗೆ ಘೋಷಿಸಿದ ತೂಕ ಅಚ್ಚಾಗಿರುತ್ತದೆ. ಎರಡನೆಯ ಟ್ರೇಲರ್ ತನ್ನ ಹಣ ವಸೂಲು ಮಾಡುವುದು ಈ ಅಂಕಿಯಲ್ಲೇ. ಒಂದೇ ಟ್ರೇಲರಿಗೆಂದು 60,000ಕ್ಕೆ ಘೋಷಿಸಿದ್ದವನು ಎರಡು ಕಟ್ಟಿ 78,000 ತೂಗಿದರೆ ತೂಕದ ತಾಣದಲ್ಲಿ ಸಿಕ್ಕಿಬೀಳುತ್ತಾನೆ, ರಸ್ತೆಯ ಮಿತಿಯೊಳಗೇ ಇದ್ದರೂ ಸಹ.

ಇಂಧನ ತೆರಿಗೆಗೆ ಇದೇ ಬಗೆಯ ಇನ್ನೊಂದು ಒಪ್ಪಂದವಿದೆ, ಅದನ್ನು ಲಾರಿ ಮಂದಿ ಇಫ್ಟಾ ಎನ್ನುತ್ತಾರೆ. ತೆರಿಗೆ ಸೇರಬೇಕಾದದ್ದು ಇಂಧನ ತುಂಬಿಸಿದ ರಾಜ್ಯಕ್ಕಲ್ಲ, ಸುಟ್ಟ ರಾಜ್ಯಕ್ಕೆ ಎಂಬುದು ಅದರ ತಿರುಳು. ಮೂರು ತಿಂಗಳಲ್ಲಿ 30,000 ಮೈಲಿಗೆ 5,000 ಗ್ಯಾಲನ್ ಬಳಸಿದ ಟ್ರಕ್ಕು ಸರಾಸರಿ 6 ಮೈಲಿ ಕೊಟ್ಟಂತಾಯಿತು. ಒಂದು ರಾಜ್ಯದಲ್ಲಿ 6,000 ಮೈಲಿ ಓಡಿದ್ದರೆ ಅಲ್ಲಿ 1,000 ಗ್ಯಾಲನ್ ಸುಟ್ಟಿತೆಂದು ಲೆಕ್ಕ. ಅಲ್ಲಿ 700 ಮಾತ್ರ ಕೊಂಡಿದ್ದರೆ ಉಳಿದ 300 ಗ್ಯಾಲನ್ನಿನ ತೆರಿಗೆ ಬಾಕಿ. ವಿವರಪಟ್ಟಿಯನ್ನು ವರ್ಷಕ್ಕೆ ನಾಲ್ಕು ಬಾರಿ, ಏಪ್ರಿಲ್, ಜುಲೈ, ಅಕ್ಟೋಬರ್ ಮತ್ತು ಜನವರಿಯ ಕೊನೆಯ ದಿನದೊಳಗೆ ಸಲ್ಲಿಸಬೇಕು. ಮನೆಮಂದಿಯ ಪ್ರವಾಸದ ಗಾಡಿಗಳಿಗೆ ಇದು ಅನ್ವಯಿಸುವುದಿಲ್ಲ.

ಯುಸಿಆರ್ ಎಂಬ ವಾರ್ಷಿಕ ಶುಲ್ಕ ಕಂಪನಿಯ ಗಾಡಿಗಳ ಸಂಖ್ಯೆಯ ಮೇಲೆ ನಿಂತಿದೆ. ಟ್ರೇಲರ್‌ಗಳನ್ನು ಎಣಿಸುವುದಿಲ್ಲ. 2025ಕ್ಕೆ ಎರಡು ಗಾಡಿಗಳವರೆಗೆ 46 ಡಾಲರ್, ಮೂರರಿಂದ ಐದಕ್ಕೆ 138. ಕೇಂದ್ರ ಸರ್ಕಾರದ ಭಾರಿ ವಾಹನ ಬಳಕೆ ತೆರಿಗೆಯನ್ನು ಜನ ಅದರ ಅರ್ಜಿಯ ಸಂಖ್ಯೆಯಿಂದ 2290 ಎಂದೇ ಕರೆಯುತ್ತಾರೆ. ಅದು 55,000 ಪೌಂಡ್‌ನಿಂದ ಶುರು: 100 ಡಾಲರ್, ಮೇಲಿನ ಪ್ರತಿ ಸಾವಿರ ಪೌಂಡಿಗೆ 22, ಹೀಗೆ ಏರಿ 75,000 ದಾಟಿದವರಿಗೆ 550ಕ್ಕೆ ನಿಲ್ಲುತ್ತದೆ. ಗಾಡಿಯ ಜೊತೆ ವಾಡಿಕೆಯಾಗಿ ಎಳೆಯುವ ಟ್ರೇಲರ್‌ಗಳ ತೂಕವೂ, ಅವು ಹೊರುವ ಗರಿಷ್ಠ ಸರಕೂ ಇದರಲ್ಲಿ ಸೇರುತ್ತವೆ. ಮೇಲಿನ ಉದಾಹರಣೆಯ 60,000 ಪೌಂಡ್‌ನವನು 210 ಡಾಲರ್ ಕಟ್ಟುತ್ತಿದ್ದರೆ ಎರಡನೆಯ ಟ್ರೇಲರ್ ಕಟ್ಟಿ 78,000ಕ್ಕೆ ಏರಿದವನು 550 ಕಟ್ಟುತ್ತಾನೆ. ಇದನ್ನು ಕಟ್ಟಿದ ಪುರಾವೆ ತೋರಿಸದೆ ರಾಜ್ಯಗಳು ನೋಂದಣಿ ಮಾಡುವುದಿಲ್ಲ.

ಇವೆಲ್ಲ ಮುಗಿದ ಮೇಲೂ ಕೆಲವು ರಾಜ್ಯಗಳು ತೂಕ ಮತ್ತು ಮೈಲಿಯ ಮೇಲೆ ತಮ್ಮದೇ ತೆರಿಗೆ ಹಾಕುತ್ತವೆ, ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಒರೆಗಾನ್ ಮತ್ತು ನ್ಯೂ ಮೆಕ್ಸಿಕೊಗಳಲ್ಲಿ 26,000 ಪೌಂಡ್ ಮೀರಿದವರಿಗೆ, ನ್ಯೂಯಾರ್ಕ್‌ನಲ್ಲಿ 18,000 ಮೀರಿದವರಿಗೆ, ಕೆಂಟಕಿಯಲ್ಲಿ 60,000 ತಲುಪಿದವರಿಗೆ ಇದು ಅನ್ವಯ. ಕೆಂಟಕಿಯ ದರ ಮೈಲಿಗೆ 2.85 ಸೆಂಟ್, ಅಂದರೆ ಸಾವಿರ ಮೈಲಿಗೆ 28 ಡಾಲರ್ 50 ಸೆಂಟ್. ಕನೆಕ್ಟಿಕಟ್ 2023ರ ಜನವರಿ 1ರಿಂದ ಶುರು ಮಾಡಿದ್ದು 26,000 ಪೌಂಡ್‌ನ ಟ್ರೇಲರ್ ಸಾಲಿಗೆ ಮೈಲಿಗೆ 2.5 ಸೆಂಟ್‌ನಿಂದ ಹಿಡಿದು 80,000 ಮೀರಿದವರಿಗೆ 17.5 ಸೆಂಟ್‌ವರೆಗೆ ಏರುತ್ತದೆ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಗಡಿ ದಾಟುವವನು ಐಆರ್‌ಪಿ, ಇಫ್ಟಾಗಳ ಗೋಜಿಗೆ ಹೋಗದೆ ಆಯಾ ರಾಜ್ಯದ ಅಲ್ಪಾವಧಿ ಟ್ರಿಪ್ ಪರ್ಮಿಟ್ ಕೊಳ್ಳಬಹುದು. ಹಲವೆಡೆ ಅದರ ಅವಧಿ 72 ಗಂಟೆ. ಅದನ್ನು ಗಡಿಗೆ ಬಂದ ಮೇಲಲ್ಲ, ಹೊರಡುವ ಮುನ್ನ ಕೊಳ್ಳಬೇಕು.

ಕೊನೆಗೆ ಟ್ರೇಲರಿನದೇ ಪ್ಲೇಟು. ಅಮೆರಿಕದ ಹೆದ್ದಾರಿಯಲ್ಲಿ ಸಾಗುವ ಸರಕು ಟ್ರೇಲರ್‌ಗಳ ಹಿಂಭಾಗ ನೋಡುತ್ತ ಹೋದರೆ ಈಶಾನ್ಯ ಮೂಲೆಯ ಪುಟ್ಟ ರಾಜ್ಯ ಮೇನ್‌ನ ಪ್ಲೇಟು ಅದರ ಜನಸಂಖ್ಯೆಗೆ ಮೀರಿ ಕಾಣಿಸುತ್ತದೆ. ಯಾವುದೇ ರಾಜ್ಯದಲ್ಲಿ ಸರಿಯಾಗಿ ನೋಂದಾಯಿಸಿದ ಟ್ರೇಲರನ್ನು ಉಳಿದ ರಾಜ್ಯಗಳು ಒಪ್ಪುತ್ತವೆ, ಮತ್ತು ಮೇನ್ ಹೊರಗಿನವರಿಗೂ ಒಂದೇ ಸಲಕ್ಕೆ ಹಲವು ವರ್ಷಗಳ ನೋಂದಣಿ ಕೊಡುತ್ತದೆ. ಹೀಗಾಗಿ ಸಾವಿರಾರು ಟ್ರೇಲರ್‌ಗಳ ಒಡೆಯರು ಪ್ರತಿವರ್ಷದ ನವೀಕರಣದ ತಲೆನೋವನ್ನು ಅಲ್ಲಿಗೆ ಒಪ್ಪಿಸಿಬಿಟ್ಟಿದ್ದಾರೆ. ಆ ಟ್ರೇಲರ್‌ಗಳಲ್ಲಿ ಎಷ್ಟೋ ಮೇನ್‌ನ ಮಣ್ಣನ್ನೇ ಮೆಟ್ಟಿರುವುದಿಲ್ಲ. ಕ್ಯಾಲಿಫೋರ್ನಿಯಾವೂ ವ್ಯಾಪಾರಿ ಟ್ರೇಲರ್‌ಗಳಿಗೆ ಶಾಶ್ವತ ಪ್ಲೇಟು ಕೊಟ್ಟು ಐದು ವರ್ಷಕ್ಕೊಮ್ಮೆ ಸಣ್ಣ ಸೇವಾ ಶುಲ್ಕ ಪಡೆಯುತ್ತದೆ.

ಎರಡು ಟ್ರೇಲರ್‌ಗಳ ನಡುವೆ ಕೂರುವ, ಎರಡನೆಯ ಟ್ರೇಲರಿನ ಮೂತಿಯನ್ನು ಹೊರುವ ಡಾಲಿ ಎಂಬ ಪುಟ್ಟ ಚಕ್ರದ ಬಂಡಿಯನ್ನು ಜನ ಗಾಡಿಯೆಂದೇ ಎಣಿಸುವುದಿಲ್ಲ. ಕೇಂದ್ರದ ನಿಯಮ ಎಣಿಸುತ್ತದೆ. ವರ್ಷಕ್ಕೊಮ್ಮೆಯ ಕಡ್ಡಾಯ ತಪಾಸಣೆ ಎಂಜಿನ್ ಗಾಡಿ, ಮೊದಲ ಟ್ರೇಲರ್, ಡಾಲಿ, ಎರಡನೆಯ ಟ್ರೇಲರ್, ಹೀಗೆ ಪ್ರತಿ ತುಂಡಿಗೂ ಬೇರೆ ಬೇರೆಯಾಗಿ ಆಗಿರಬೇಕು, ಮತ್ತು ಅದನ್ನು ತೋರಿಸುವ ಗುರುತು ಅಥವಾ ವರದಿ ಆಯಾ ತುಂಡಿನ ಜೊತೆಗೇ ಇರಬೇಕು. ಅಂಗಳದಲ್ಲಿ ಕೈಗೆ ಸಿಕ್ಕ ಡಾಲಿಯನ್ನು ಸಿಕ್ಕಿಸಿಕೊಂಡು ಹೊರಟ ಚಾಲಕ ಮುಂದಿನ ರಾಜ್ಯದ ತಪಾಸಣಾ ತಾಣದಲ್ಲಿ ನಿಂತಾಗ, ಎಂಜಿನ್ ಗಾಡಿಯ ಕಾಗದಗಳೆಲ್ಲ ಸರಿಯಿದ್ದು, ಈ ಬಂಡಿಯ ಮೇಲಿನ ಚೀಟಿಯ ತಾರೀಖಿಗೆ ಮಾತ್ರ ವರ್ಷ ದಾಟಿರುವುದುಂಟು.